ಸ್ಟ್ರೈನ್ ಸೆನ್ಸರ್‌ನಲ್ಲಿ ಬೇಕಂತಲೇ ಬಿರುಕು ಬಿಡಿಸುವುದು ಯಾಕೆ?

ಸ್ಟ್ರೈನ್ ಸೆನ್ಸರ್ ಅಂದರೆ ಒಂದು ವಸ್ತು ಎಷ್ಟು ಹಿಗ್ಗಿತು ಅಂತ ಅಳೆಯುವ ಸಾಧನ. ಬಿರುಕು ಬಿಟ್ಟರೆ ಸೆನ್ಸರ್ ಹಾಳಾಗಬೇಕಲ್ವಾ, ಬೇಕಂತಲೇ ಯಾಕೆ ಬಿಡಿಸುತ್ತಾರೆ ಅಂತ ಕೇಳಿದ್ದೀರಿ. ಬೆಂಗಳೂರಿನ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಎಂ.ಟೆಕ್ ಪ್ರಾಜೆಕ್ಟ್‌ಗೆ ನಾನು ಮಾಡಿದ್ದು ಇದೇ ಕೆಲಸ. ಶುರುವಿನಲ್ಲಿ ನನಗೂ ಇದೇ ಅನುಮಾನ ಇತ್ತು.

ಸಿಲಿಕೋನ್ ರಬ್ಬರ್ ಹಾಳೆಯ ಮೇಲೆ ಚಿನ್ನದ ತೀರಾ ತೆಳುವಾದ ಪದರ ಕೂರಿಸುತ್ತೇವೆ. ಎಳೆದರೆ ರಬ್ಬರ್ ಹಿಗ್ಗುತ್ತದೆ, ಚಿನ್ನಕ್ಕೆ ಅಷ್ಟು ಹಿಗ್ಗಲಾಗದೆ ಸೀಳುತ್ತದೆ. ಆದರೆ ಸೀಳಿನ ಎರಡು ಅಂಚುಗಳು ಅಲ್ಲಲ್ಲಿ ತಾಗಿಕೊಂಡಿರುತ್ತವೆ. ಕರೆಂಟ್ ದಾಟುವುದು ಅಲ್ಲಿಂದಲೇ. ಚೂರು ಎಳೆದರೂ ಆ ತಾಗುವ ಜಾಗಗಳು ಕಮ್ಮಿಯಾಗಿ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಆಗುವ ಅಡ್ಡಿ, ಸರ್ರನೆ ಏರುತ್ತದೆ. ಬಿಟ್ಟರೆ ರಬ್ಬರ್ ಕುಗ್ಗಿ ಅಂಚುಗಳು ಮತ್ತೆ ಕೂಡುತ್ತವೆ.

ಮಾಮೂಲಿ ಲೋಹದ ಸ್ಟ್ರೈನ್ ಗೇಜ್‌ನ ಗೇಜ್ ಫ್ಯಾಕ್ಟರ್ ಸುಮಾರು 2. ಅಂದರೆ ಶೇ. 1 ಹಿಗ್ಗಿದರೆ ರೆಸಿಸ್ಟೆನ್ಸ್ ಶೇ. 2 ಏರುತ್ತದೆ, ಅಷ್ಟೇ. ಜೇಡದ ಕಾಲಿನ ಕೀಲಿನ ಹತ್ತಿರ ಸಣ್ಣ ಸೀಳುಗಳಿವೆ, ಅದು ಅದುರುವಿಕೆ ಗುರುತಿಸುವುದು ಅವುಗಳಿಂದ. 2014ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಅದನ್ನೇ ಮಾದರಿ ಮಾಡಿಕೊಂಡು, 20 ನ್ಯಾನೋಮೀಟರ್ ದಪ್ಪದ ಪ್ಲಾಟಿನಂ ಪದರದಲ್ಲಿ ಬಿರುಕು ಬಿಡಿಸಿ ಗೇಜ್ ಫ್ಯಾಕ್ಟರನ್ನು 2000 ದಾಟಿಸಿದರು. ಆದರೆ ಹಿಗ್ಗು ಶೇ. 2ರ ಒಳಗಿದ್ದಾಗ ಮಾತ್ರ.

ಬಿರುಕು ಹೇಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಮೊದಲ ಹಾಳೆಯನ್ನು ಸುಮ್ನೆ ಕೈಯಲ್ಲಿ ಎಳೆದಿದ್ದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗೆ ಅಡ್ಡಾದಿಡ್ಡಿ ಬಿರುಕು. ಅಷ್ಟೇ ಎಳೆದರೂ ಒಂದೊಂದು ಸಲ ಒಂದೊಂದು ರೀಡಿಂಗ್. ಮುಂದಿನದನ್ನು ಸ್ಟೀಲ್ ಕಡ್ಡಿಯ ಮೇಲೆ ಒಂದೇ ದಿಕ್ಕಿಗೆ ಮತ್ತೆ ಮತ್ತೆ ಬಗ್ಗಿಸಿದೆ. ಈ ಸಲ ಉತ್ತ ಹೊಲದ ಸಾಲುಗಳ ಹಾಗೆ ನೇರ ಬಿರುಕುಗಳು. ಮಣಿಕಟ್ಟಿಗೆ ಅಂಟಿಸಿದಾಗ ನಾಡಿಯ ಒಂದೊಂದು ಬಡಿತವೂ ಗ್ರಾಫ್‌ನಲ್ಲಿ ಎದ್ದು ಬಂತು. ದೊಡ್ಡ ಅಲೆಯ ಹಿಂದೆ ಬರುವ ಪುಟ್ಟ ಅಲೆ ಕೂಡ ಕಾಣಿಸಿತು. ಆ ದಿನದ ಖುಷಿ ಇವತ್ತಿಗೂ ಹಾಗೇ ಇದೆ.

ಅದೇ ಹಾಳೆಯನ್ನು ಮೊಣಕೈಗೆ ಹಾಕಿ ಕೈ ಮಡಚಿದೆ, ಕರೆಂಟ್ ಪೂರ್ತಿ ನಿಂತುಹೋಯಿತು. ನೇರ ಬಿರುಕು ಈ ತುದಿಯಿಂದ ಆ ತುದಿಗೆ ಸೀಳಿರುತ್ತದೆ, ಜಾಸ್ತಿ ಎಳೆದರೆ ಕರೆಂಟ್‌ಗೆ ದಾರಿಯೇ ಉಳಿಯುವುದಿಲ್ಲ. ಅಂಥ ಕಡೆ ಬಲೆಯಂತೆ ಹರಡಿದ, ಮಧ್ಯೆ ಮಧ್ಯೆ ಸೇತುವೆ ಉಳಿದ ಬಿರುಕು ಬೇಕು. ಸೂಕ್ಷ್ಮತೆ ಕಮ್ಮಿಯಾಗುತ್ತದೆ, ಆದರೆ ತುಂಬಾ ಹಿಗ್ಗಿದರೂ ಕೆಲಸ ಮಾಡುತ್ತದೆ.

ನೀವು ಮಾಡುವುದಾದರೆ ಒಂದು ಮಾತು. ಬಳಸುವಾಗ ಎಷ್ಟು ಹಿಗ್ಗುತ್ತದೋ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಮೊದಲು ಹತ್ತಾರು ಸಲ ಎಳೆದುಬಿಡಿ, ಆಮೇಲೆ ಎಷ್ಟು ಹಿಗ್ಗಿದರೆ ಎಷ್ಟು ರೀಡಿಂಗ್ ಅಂತ ಕ್ಯಾಲಿಬ್ರೇಟ್ ಮಾಡಿ. ಇಲ್ಲದಿದ್ದರೆ ಬಳಸುವಾಗ ಹೊಸ ಬಿರುಕು ಮೂಡಿ, ಹಳೇ ಲೆಕ್ಕವೆಲ್ಲ ತಪ್ಪುತ್ತದೆ.