ಟೇಕಾಫ್ ಓಟದ ನಡುವೆ ವಿಮಾನ ಥಟ್ಟನೆ ಬ್ರೇಕ್ ಹಾಕುವುದೇಕೆ?

ಕಲಬುರಗಿಯಲ್ಲಿ ಮೊದಲ ಸಲ ವಿಮಾನ ಹತ್ತಿದ ನಿಮ್ಮ ತಾಯಿ, ಅದು ಓಟದ ನಡುವೆಯೇ ನಿಂತಿದ್ದರಿಂದ ಇನ್ನೆಂದೂ ಹತ್ತುವುದಿಲ್ಲ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಅವರ ಭಯ ನನಗೆ ಗೊತ್ತು. ಕಲಬುರಗಿ ವಿಮಾನ ನಿಲ್ದಾಣವಿರುವ ಇದೇ ಶ್ರೀನಿವಾಸ ಸರಡಗಿಯ ರನ್‌ವೇಯಲ್ಲಿ ನನಗೂ ಹಾಗೆಯೇ ಆಗಿತ್ತು. ಕಿಟಕಿಯಾಚೆ ತೊಗರಿ ಹೊಲ ಹಸಿರು ಗೆರೆಯಾಗಿ ಓಡುತ್ತಿತ್ತು. ಮರುಕ್ಷಣ ಬೆಲ್ಟ್ ಹೊಟ್ಟೆಗೆ ಒತ್ತಿತು, ಪಕ್ಕದ ಅಜ್ಜಿಯ ನೀರಿನ ಬಾಟಲಿ ಮುಂದಿನ ಸೀಟಿನಡಿ ಉರುಳಿತು.

ಪೈಲಟ್ ಗಾಬರಿಯಿಂದ ಹಾಗೆ ಮಾಡುವುದಿಲ್ಲ. ವಿಮಾನದ ತೂಕ, ಗಾಳಿ, ತಾಪಮಾನ, ರನ್‌ವೇ ಉದ್ದ ನೋಡಿ ‘ವಿ-ಒನ್’ ಎಂಬ ವೇಗವನ್ನು ಪ್ರತಿ ಹಾರಾಟಕ್ಕೂ ಮೊದಲೇ ಲೆಕ್ಕ ಹಾಕಿರುತ್ತಾರೆ. ಆ ವೇಗ ಮುಟ್ಟುವ ಮುನ್ನ ಗಂಭೀರ ದೋಷ ಕಂಡರೆ ಉಳಿದ ರನ್‌ವೇಯಲ್ಲೇ ನಿಲ್ಲಿಸಬಹುದು. ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಹಾರಿ, ಮರಳಿ ಇಳಿಯುವುದೇ ಕ್ಷೇಮ. ನಮ್ಮ ರನ್‌ವೇ 3 ಕಿಲೋಮೀಟರಿಗಿಂತ ಉದ್ದವಿದೆ.

ಅಗ್ನಿಶಾಮಕ ವಾಹನ ಬಂದ ಮಾತ್ರಕ್ಕೆ ಬೆಂಕಿ ಬಿದ್ದಿದೆ ಎಂದಲ್ಲ. ಬ್ರೇಕ್ ವಿಪರೀತ ಕಾದಿರುತ್ತದೆ. ಮಿತಿ ಮೀರಿದರೆ ಚಕ್ರದೊಳಗಿನ ಬಿರಡೆಯಂಥ ಪ್ಲಗ್ ಕರಗಿ, ಟೈರ್ ಸಿಡಿಯದಂತೆ ಗಾಳಿ ತಾನೇ ಇಳಿದುಹೋಗುತ್ತದೆ. ಪ್ರಯಾಣಿಕರನ್ನು ತಾಸುಗಟ್ಟಲೆ ಕಾಯಿಸುವುದಕ್ಕೆ ಬ್ರೇಕ್ ತಣಿಯಬೇಕಾದದ್ದೂ ಒಂದು ಕಾರಣ. ಏನನ್ನೂ ತಿಳಿಸದೆ ನಮ್ಮನ್ನು ಕೂರಿಸಿದ್ದು ಮಾತ್ರ ತಪ್ಪು. ಕನ್ನಡದಲ್ಲಿ ಎರಡು ಮಾತು ಹೇಳಿದ್ದರೆ ಆ ಅಜ್ಜಿಯ ಕೈ ಅಷ್ಟು ಹೊತ್ತು ನಡುಗುತ್ತಿರಲಿಲ್ಲ.