ಜೋಲಾ ಗಣಿಗೆ ಇಳಿದಿದ್ದು ನಿಜ

ಫ್ರೆಂಚ್ ಲೇಖಕ ಎಮಿಲ್ ಜೋಲಾ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಬಗ್ಗೆ ಬರೆದ ‘ಜೆರ್ಮಿನಾಲ್’ ಕಾದಂಬರಿ ಓದೋಕೆ ಅದೇ ಮಾಲೆಯ ಹಿಂದಿನ ಕಾದಂಬರಿಗಳನ್ನೆಲ್ಲ ಓದಿರಬೇಕಾ, ಆತ ನಿಜಕ್ಕೂ ಗಣಿಗೆ ಇಳಿದಿದ್ದನಾ ಅಂತ ಕೇಳಿದ್ದೀರಿ.

ಇಳಿದಿದ್ದ. 1884ರ ಫೆಬ್ರವರಿಯಲ್ಲಿ, ಉತ್ತರ ಫ್ರಾನ್ಸಿನ ಆಂಜಾಂ ಎಂಬಲ್ಲಿ. ಆಗಷ್ಟೇ ಅಲ್ಲಿ ಮುಷ್ಕರ ಶುರುವಾಗಿತ್ತು. ಕಾರ್ಮಿಕರ ಮನೆಗಳಿಗೆ ಹೋದ, ಹೆಂಡದಂಗಡಿಗಳಲ್ಲಿ ಕೂತ, ಸಭೆಗಳಿಗೆ ಹೋದ, ಕಂಡದ್ದನ್ನೆಲ್ಲ ಬರೆದುಕೊಂಡ. ಅದಕ್ಕೇ ಕಾದಂಬರಿಯಲ್ಲಿ ಸಾಲ, ಸೂಪು, ಸ್ನಾನದ ತೊಟ್ಟಿ ಎಲ್ಲ ಅಷ್ಟು ಕಣ್ಣಿಗೆ ಕಟ್ಟುತ್ತವೆ. ನನ್ನನ್ನು ಕಾಡಿದ್ದು ಮಾತ್ರ ಮನುಷ್ಯರಿಗಿಂತ ಬತಾಯ್ ಎಂಬ ಬಿಳಿ ಕುದುರೆ. ಹತ್ತು ವರ್ಷ ನೆಲದಡಿಯಲ್ಲೇ ಬಂಡಿ ಎಳೆಯುತ್ತಾ ಇರುತ್ತದೆ. ಹೊಸ ಕುದುರೆಯನ್ನು ಕಟ್ಟಿ ಕೆಳಗಿಳಿಸಿದಾಗ ಅದನ್ನು ಮೂಸಿ ನೋಡುವ ದೃಶ್ಯವಿದೆಯಲ್ಲ, ಅಲ್ಲಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಇನ್ನು ಕ್ರಮದ ವಿಷಯ. ‘ರೂಗೋ-ಮಕಾರ್’ ಮಾಲೆಯಲ್ಲಿ 20 ಕಾದಂಬರಿಗಳಿವೆ, 1871ರಿಂದ 1893ರವರೆಗೆ ಬಂದವು. ‘ಜೆರ್ಮಿನಾಲ್’ 13ನೆಯದು. ಒಂದೇ ಕುಟುಂಬದ ಕತೆಗಳಾದರೂ ಪ್ರತಿಯೊಂದೂ ತನ್ನಷ್ಟಕ್ಕೆ ನಿಲ್ಲುತ್ತದೆ. ಧೈರ್ಯವಾಗಿ ಇದರಿಂದಲೇ ಶುರು ಮಾಡಿ. ಜಾಸ್ತಿ ಸಮಯ ಇದ್ದರೆ ಮೊದಲು ಇದೇ ಮಾಲೆಯ ‘ಲಸೊಮ್ವಾರ್’ ಓದಿ. ಅದರ ಅಗಸಗಿತ್ತಿ ಜೆರ್ವೇಸ್‌ಳ ಮಗನೇ ಇಲ್ಲಿನ ನಾಯಕ ಎತಿಯೆನ್. ಆದರೆ ಅದು ಕುಡಿತದ ಕತೆ, ಮನಸ್ಸು ಭಾರವಾಗುತ್ತದೆ, ಮೊದಲೇ ಹೇಳಿಬಿಡ್ತೀನಿ.

ಅಂದಹಾಗೆ, 1902ರಲ್ಲಿ ಪ್ಯಾರಿಸ್ಸಿನಲ್ಲಿ ಜೋಲಾನ ಶವಯಾತ್ರೆಗೆ ಗಣಿ ಕಾರ್ಮಿಕರೂ ಬಂದಿದ್ದರು. ಅವರು ಕೂಗಿದ್ದು ‘ಜೆರ್ಮಿನಾಲ್! ಜೆರ್ಮಿನಾಲ್!’ ಅಂತ.