ಹಳೆಯ ಮಾದರಿ ರೈಲು ಇಂಜಿನ್‌ಗಳ ಶುಚಿ ಮತ್ತು ದುರಸ್ತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು 1950ರ ದಶಕದ ಕೊನೆಯಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೋಗಿದ್ದಾಗ ಕೊಂಡು ತಂದ, ಹಾರ್ನ್‌ಬಿ ಡಬ್ಲೊ ಎಂಬ ಬ್ರಾಂಡಿನ ಆಟಿಕೆ ರೈಲು ಇಷ್ಟು ವರ್ಷ ಅಟ್ಟದ ಮೇಲಿತ್ತು. ಹಸಿರು ಬಣ್ಣದ ‘ಸಿಲ್ವರ್ ಕಿಂಗ್’ ಇಂಜಿನ್ ಮತ್ತು ಮೂರು ಹಳಿಗಳ ಟ್ರ್ಯಾಕ್ ಇವೆ. ಕರೆಂಟು ಕೊಟ್ಟರೆ ಇಂಜಿನ್ ಗುಂಯ್ ಎನ್ನುತ್ತದೆಯೇ ಹೊರತು ಚಕ್ರ ತಿರುಗುವುದಿಲ್ಲ. ಮೋಟಾರು ಸುಟ್ಟಿದೆ, ಬೇರೆ ಹಾಕಿಸಿ ಎಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ? — ಮೈಸೂರಿನ ಓದುಗರೊಬ್ಬರು

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ಮೋಟಾರು ಸುಟ್ಟಿರುವ ಸಾಧ್ಯತೆ ಕಡಿಮೆ. ಗುಂಯ್ ಎಂಬ ಸದ್ದು ಬರುತ್ತಿದೆ ಎಂದರೆ ಕರೆಂಟು ಮೋಟಾರಿನ ತಂತಿ ಸುರುಳಿಯಾದ ವೈಂಡಿಂಗ್‌ವರೆಗೆ ತಲುಪುತ್ತಿದೆ ಎಂದೇ ಅರ್ಥ. ಬಹುಮಟ್ಟಿಗೆ ಅಡ್ಡಿಯಾಗಿರುವುದು ಒಳಗೆ ಗಟ್ಟಿಯಾಗಿ ಕುಳಿತ ಹಳೆಯ ಎಣ್ಣೆ. ದಶಕಗಳ ಕಾಲ ಓಡದೆ ನಿಂತ ಇಂಜಿನ್‌ಗಳಲ್ಲಿ ಎಣ್ಣೆ ಮತ್ತು ಗ್ರೀಸು ಒಣಗಿ ಕಂದು ಬಣ್ಣದ ಅಂಟಾಗಿ, ಅಚ್ಚು ಮತ್ತು ಗೇರುಗಳನ್ನು ಬಿಗಿಹಿಡಿದಿರುತ್ತವೆ. ಆದ್ದರಿಂದ ಶುಚಿ ಮಾಡಿ ನೋಡುವ ಮುನ್ನ ಯಾವ ಬಿಡಿಭಾಗವನ್ನೂ ಬದಲಿಸಲು ಒಪ್ಪಬೇಡಿ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಇಂಜಿನ್ ಜೊತೆಗೆ ಬಂದ ಹಳೆಯ ಕಂಟ್ರೋಲರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಆ ಕಾಲದ ತಂತಿಗಳ ರಬ್ಬರ್ ಹೊದಿಕೆ ಈಗ ಬಿರಿದು ಉದುರುವ ಸ್ಥಿತಿಯಲ್ಲಿರುತ್ತದೆ. ಅದರಿಂದ ಶಾಕ್ ಹೊಡೆಯುವ ಅಪಾಯ ನಿಜವಾದದ್ದು. ಡಬ್ಲೊ ಇಂಜಿನ್‌ಗಳು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಹೊಂದಿಸಬಹುದಾದ ಪವರ್ ಸಪ್ಲೈ ಸಿಗುತ್ತದೆ. ಅದನ್ನು ಒಂದು ಆಂಪಿಯರ್ ಮೀರದಂತೆ ಹೊಂದಿಸಿಕೊಂಡರೆ ವೈಂಡಿಂಗ್ ಸುಡುವ ಭಯವಿರುವುದಿಲ್ಲ. ಇನ್ನೊಂದು ವಿಷಯವೆಂದರೆ, ಮೂರು ಹಳಿಯ ಡಬ್ಲೊ ಇಂಜಿನ್‌ಗಳ ಚಕ್ರಗಳಿಗೆ ವಿದ್ಯುತ್ ನಿರೋಧಕ ಇರುವುದಿಲ್ಲ. ಕರೆಂಟು ನಡುವಿನ ಹಳಿಯಿಂದ ಬಂದು, ಚಕ್ರಗಳ ಮೂಲಕ ಹೊರಗಿನ ಹಳಿಗಳಿಗೆ ಹಿಂದಿರುಗುತ್ತದೆ. ಇಂತಹ ಇಂಜಿನನ್ನು ಈಗ ಬಳಕೆಯಲ್ಲಿರುವ ಎರಡು ಹಳಿಯ ಟ್ರ್ಯಾಕಿನ ಮೇಲೆ ಇಟ್ಟರೆ ಆ ಕ್ಷಣವೇ ಶಾರ್ಟ್ ಆಗುತ್ತದೆ. ಡಬ್ಲೊ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದರ ಎರಡು ಹಳಿಯ ಇಂಜಿನ್‌ಗಳು ಬಂದದ್ದು 1959ರಲ್ಲಿ. ನಿಮ್ಮದು ಹಳೆಯ ಪದ್ಧತಿಯದು.

ಇನ್ನು ಕೆಲಸಕ್ಕೆ ಬರೋಣ. ಮೇಲಿನ ಕವಚವನ್ನು ಹಿಡಿದಿರುವ ಸ್ಕ್ರೂವನ್ನು ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಮೋಟಾರಿನಲ್ಲಿ ಕರೆಂಟು ಮುಟ್ಟಿಸುವ ಪುಟ್ಟ ಇಂಗಾಲದ ತುಂಡುಗಳು, ಅಂದರೆ ಕಾರ್ಬನ್ ಬ್ರಷ್‌ಗಳು ಒತ್ತಿಕೊಂಡಿರುವ ತಾಮ್ರದ ಬಿಲ್ಲೆಯೇ ಕಮ್ಯುಟೇಟರ್. ನಿಮ್ಮ ಇಂಜಿನ್ನಿನಲ್ಲಿ ಅದು ಮೂರು ತುಂಡುಗಳಾಗಿದ್ದು, ತುಂಡುಗಳ ನಡುವೆ ಕೂದಲೆಳೆಯಂತಹ ಸೀಳುಗಳಿರುತ್ತವೆ. ಬ್ರಷ್ ಸವೆದು ಉದುರಿದ ಕಪ್ಪು ಪುಡಿ ಎಣ್ಣೆಯೊಂದಿಗೆ ಸೇರಿ ಈ ಸೀಳುಗಳಲ್ಲಿ ತುಂಬಿಕೊಂಡರೆ ಕರೆಂಟು ಒಂದು ತುಂಡಿನಿಂದ ಇನ್ನೊಂದಕ್ಕೆ ನೇರವಾಗಿ ಹಾದುಹೋಗುತ್ತದೆ, ಮೋಟಾರು ಬಿಸಿಯಾಗುತ್ತದೆ, ತಿರುಗುವುದಿಲ್ಲ. ಮರದ ಹಲ್ಲುಕಡ್ಡಿಯ ತುದಿಯಿಂದ ಸೀಳುಗಳನ್ನು ಮೃದುವಾಗಿ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತಾಮ್ರ ಹೊಳೆಯುವವರೆಗೆ ಒರೆಸಿ. ಉಪ್ಪುಕಾಗದ ಬೇಡ, ಅದು ಮಾಡುವ ಗೀರುಗಳಲ್ಲಿ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ. ಗೇರು, ಅಚ್ಚು ಮತ್ತು ಚಕ್ರದ ಅಂಚುಗಳಿಗೂ ಇದೇ ಆಲ್ಕೊಹಾಲು ಸಾಕು. ನಡುವಿನ ಹಳಿಗೆ ತಾಗುವ ಇಂಜಿನ್ ಅಡಿಯ ಲೋಹದ ಪಟ್ಟಿಗಳನ್ನು ಮರೆಯಬೇಡಿ.

ಶುಚಿಯಾದ ಮೇಲೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಬ್ರಷ್‌ಗಳನ್ನು ತೆಗೆದು, ಕಮ್ಯುಟೇಟರಿನ ಮೂರು ತುಂಡುಗಳನ್ನು ಎರಡೆರಡಾಗಿ ಅಳೆದು ನೋಡಿ. ಮೂರು ಅಳತೆಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ವೈಂಡಿಂಗ್ ಆರೋಗ್ಯವಾಗಿದೆ. ಅಳತೆಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ಮಾತ್ರ ರಿಪೇರಿಯವರ ಮಾತನ್ನು ಒಪ್ಪಬೇಕು. ಆಗಲೂ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರಿನ ತಂತಿಯನ್ನು ಮತ್ತೆ ಸುತ್ತಿಸುವುದು ಸಾಧ್ಯವಿರುವುದರಿಂದ ಇಡೀ ಮೋಟಾರನ್ನು ಎಸೆಯುವ ಅಗತ್ಯವಿಲ್ಲ.

ಆರ್ಮೇಚರನ್ನು ಸುಮ್ಮನೆ ಹೊರಗೆಳೆಯಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ಕಾಲದ ಅಯಸ್ಕಾಂತಗಳ ಧ್ರುವಗಳ ನಡುವೆ ಕಬ್ಬಿಣವಿಲ್ಲದಿದ್ದರೆ ಅವು ತಮ್ಮ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತವೆ, ಆರ್ಮೇಚರನ್ನು ಹಿಂದಕ್ಕೆ ಕೂರಿಸಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ತೆಗೆಯಲೇಬೇಕಾಗಿ ಬಂದರೆ ಧ್ರುವಗಳಿಗೆ ಅಡ್ಡಲಾಗಿ ಮೆತುಕಬ್ಬಿಣದ ತುಂಡೊಂದನ್ನು ಅಂಟಿಸಿಡಿ. ಇಂಜಿನನ್ನು ಎತ್ತಿ ಹಿಡಿದಾಗ ಚಕ್ರ ರಭಸವಾಗಿ ತಿರುಗಿ, ಹಳಿಯ ಮೇಲಿಟ್ಟು ಎರಡು ಡಬ್ಬಿ ಜೋಡಿಸಿದೊಡನೆ ಏದುಸಿರು ಬಿಟ್ಟು ಬಿಸಿಯಾದರೆ, ಅಯಸ್ಕಾಂತ ಸೊರಗಿದೆ ಎಂದು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಇವುಗಳಿಗೆ ಮರಳಿ ಕಾಂತಶಕ್ತಿ ತುಂಬಿಕೊಡುವ ಪರಿಣತರಿದ್ದಾರೆ.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ಮನೆಯಲ್ಲಿರುವ ಹೊಲಿಗೆ ಯಂತ್ರದ ಎಣ್ಣೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಸೂಜಿಯ ತುದಿಯಲ್ಲಿ ನಿಲ್ಲುವಷ್ಟನ್ನು ಪ್ರತಿ ಅಚ್ಚಿಗೂ ಮುಟ್ಟಿಸಿದರೆ ಸಾಕು. ಕಮ್ಯುಟೇಟರಿಗೆ ಒಂದು ಹನಿಯೂ ತಾಗಬಾರದು. ಕೊಬ್ಬರಿ ಎಣ್ಣೆಯನ್ನು ದಯವಿಟ್ಟು ಹಾಕಬೇಡಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಗುಟಾಗುತ್ತದೆ.

ಹೊರಗಿನ ಬಣ್ಣಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪಿನ ಒಂದೆರಡು ಹನಿ ಬೆರೆಸಿ, ಮೆತ್ತನೆಯ ಬಟ್ಟೆಯನ್ನು ಹಿಂಡಿ ಒರೆಸಿದರೆ ಸಾಕು. ಆಲ್ಕೊಹಾಲು ತಾಗಿದರೆ ಇಂಜಿನ್ನಿನ ಹೆಸರು, ಸಂಖ್ಯೆ ಮತ್ತು ಲಾಂಛನಗಳು ಎದ್ದುಹೋಗುತ್ತವೆ. ಅಲ್ಲಲ್ಲಿ ಬಣ್ಣ ಹಾರಿದೆ ಎಂದು ಹೊಸದಾಗಿ ಬಳಿಸಬೇಡಿ. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ಡಬ್ಲೊ ತಯಾರಿಸುತ್ತಿದ್ದ ಮೆಕ್ಯಾನೊ ಕಾರ್ಖಾನೆಯಲ್ಲಿ ಬಳಿದ ಬಣ್ಣವೇ ಆ ವಸ್ತುವಿನ ಚರಿತ್ರೆ. ನಿಮ್ಮ ತಂದೆಯವರ ಕೈ ತಾಗಿ ಸವೆದ ಗುರುತುಗಳೂ ಅದರಲ್ಲಿ ಸೇರಿವೆ.

ಪ್ರಶ್ನೆ: ಕೀಲಿ ಕೊಟ್ಟು ಓಡಿಸುವ ತಗಡಿನ ಇಂಜಿನ್ ನಮ್ಮಲ್ಲಿದೆ. ಕೀಲಿ ತಿರುಗುತ್ತದೆ, ಆದರೆ ಇಂಜಿನ್ ಎರಡಡಿ ಹೋಗಿ ನಿಲ್ಲುತ್ತದೆ. ಸ್ಪ್ರಿಂಗ್ ಹೊಸದು ಹಾಕಿಸಬೇಕೇ? — ಧಾರವಾಡದ ಓದುಗರೊಬ್ಬರು

ಉತ್ತರ: ಸ್ಪ್ರಿಂಗ್ ತುಂಡಾಗಿದ್ದರೆ ಕೀಲಿ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇರುತ್ತಿತ್ತು. ನಿಮ್ಮ ಇಂಜಿನ್ನಿನಲ್ಲಿ ಸ್ಪ್ರಿಂಗಿನ ಸುತ್ತುಗಳ ನಡುವಿನ ಗ್ರೀಸು ಒಣಗಿ, ಅವು ಒಂದಕ್ಕೊಂದು ಅಂಟಿಕೊಂಡಿರುವಂತೆ ತೋರುತ್ತದೆ. ಬಿಚ್ಚುವ ಮುನ್ನ ಕೀಲಿಯ ಬಿಗುವು ಪೂರ್ತಿ ಇಳಿಯುವವರೆಗೆ ಚಕ್ರಗಳನ್ನು ತಿರುಗಲು ಬಿಡಿ; ಬಿಗಿದ ಸ್ಪ್ರಿಂಗ್ ಒಮ್ಮೆಲೇ ಚಿಮ್ಮಿದರೆ ಬೆರಳು ಸೀಳುತ್ತದೆ. ಯಂತ್ರಭಾಗವನ್ನು ತಗಡಿನ ಕವಚದಿಂದ ಬೇರ್ಪಡಿಸಿ, ಬಯಲಿನಲ್ಲಿ, ಒಲೆ ದೀಪಗಳಿಂದ ದೂರ ಕುಳಿತು, ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಅಚ್ಚುಗಳಿಗೆ ತೆಳು ಎಣ್ಣೆಯನ್ನೂ ಸ್ಪ್ರಿಂಗಿಗೆ ಅತಿ ತೆಳುವಾಗಿ ಗ್ರೀಸನ್ನೂ ಸವರಿ. ಟರ್ಪೆಂಟೈನ್ ಕವಚದ ಮೇಲಿನ ಮುದ್ರಿತ ಬಣ್ಣಕ್ಕೆ ತಾಗಬಾರದು. ತಗಡಿನ ತುಕ್ಕನ್ನು ಕೆರೆಯುವ ಬದಲು ಎಣ್ಣೆಯ ಬಟ್ಟೆಯಿಂದ ಒರೆಸಿ, ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ನಾನು ಬರ್ಮಿಂಗ್‌ಹ್ಯಾಮಿನಲ್ಲಿದ್ದೇನೆ. ಇಲ್ಲಿನ ಹರಾಜಿನಲ್ಲಿ ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಇಂಜಿನ್ ಒಂದನ್ನು ಕೊಂಡೆ. ಚಕ್ರಗಳಲ್ಲಿ ಬಿರುಕು ಕಾಣುತ್ತಿದೆ, ಕವಚ ಉಬ್ಬಿದಂತಿದೆ. ಅಂಟು ಹಾಕಿ ಉಳಿಸಬಹುದೇ? ಇತರ ಇಂಜಿನ್‌ಗಳಿಗೂ ಇದು ಹರಡುತ್ತದೆಯೇ?

ಉತ್ತರ: ಬೇಸರದ ಉತ್ತರವನ್ನೇ ಕೊಡಬೇಕಾಗಿದೆ. ಆ ಭಾಗಗಳನ್ನು ಎರಕ ಹೊಯ್ದದ್ದು ಮಜಾಕ್ ಎಂಬ ಸತುವಿನ ಮಿಶ್ರಲೋಹದಲ್ಲಿ. ಅದರಲ್ಲಿ ಸೀಸದಂತಹ ಲೋಹದ ಅಲ್ಪಾಂಶ ಬೆರೆತುಹೋದರೂ ತೇವದ ಗಾಳಿಯಲ್ಲಿ ಲೋಹದ ಕಣಗಳ ಅಂಚುಗಳು ಒಳಗಿಂದಲೇ ಕೊರೆದುಹೋಗುತ್ತವೆ. ವಸ್ತು ಹಿಗ್ಗುತ್ತದೆ, ಬಿರಿಯುತ್ತದೆ, ಕೊನೆಗೆ ಹಳೆಯ ಗಾರೆಯಂತೆ ಬೆರಳಿಗೆ ಪುಡಿಯಾಗುತ್ತದೆ. ದೋಷ ಎರಕ ಹೊಯ್ದ ದಿನವೇ ಲೋಹದೊಳಗೆ ಸೇರಿದ್ದರಿಂದ ಇದಕ್ಕೆ ಮದ್ದಿಲ್ಲ. ತೆಳುವಾದ ಅಂಟು ಬಿರುಕನ್ನು ಕೆಲವು ಕಾಲ ಹಿಡಿದಿಡಬಹುದು, ಉಬ್ಬುವುದನ್ನು ತಡೆಯಲಾರದು. ಆದರೆ ಇದು ಅಂಟುರೋಗವಲ್ಲ; ಪಕ್ಕದ ಇಂಜಿನ್ನಿಗೆ ಹರಡುವುದಿಲ್ಲ. ಚಕ್ರಗಳಿಗೆ ಬದಲಿ ಎರಕಗಳು ಇಂಗ್ಲೆಂಡಿನಲ್ಲಿ ದೊರೆಯುವುದರಿಂದ ಅವನ್ನು ಬದಲಿಸಿ, ಬಿಚ್ಚಿದ ಹಳೆಯ ಚಕ್ರಗಳನ್ನು ಚೀಟಿ ಬರೆದು ಪೆಟ್ಟಿಗೆಯಲ್ಲೇ ಇಡಿ. ಕವಚ ಉಬ್ಬಿದ್ದರೆ ಅದನ್ನು ಬಲವಂತದಿಂದ ಚಾಸಿಯಿಂದ (ತಳದ ಚೌಕಟ್ಟಿನಿಂದ) ಬೇರ್ಪಡಿಸಬೇಡಿ, ಆ ಒತ್ತಡಕ್ಕೇ ಒಡೆಯಬಹುದು. ಮುಂದೆ ಕೊಳ್ಳುವಾಗ ಇಂಜಿನನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಎಲ್ಲ ಚಕ್ರಗಳೂ ಒಟ್ಟಿಗೆ ತಾಗುತ್ತವೆಯೇ ಎಂದು ಪರೀಕ್ಷಿಸಿದ ನಂತರವೇ ಬೆಲೆ ಹೇಳಿ.

ಪ್ರಶ್ನೆ: ಟ್ರೈ-ಆಂಗ್ ಬ್ರಾಂಡಿನ ಆಟಿಕೆ ಇಂಜಿನ್ನಿನ ಬ್ರಷ್‌ಗಳನ್ನು ನಾನೇ ಬದಲಿಸಿದೆ. ಈಗ ಹಳಿಯ ಮೇಲಿಟ್ಟೊಡನೆ ಶಾರ್ಟ್ ಆಗುತ್ತಿದೆ. ಏಕೆ? — ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮದರಲ್ಲಿರುವುದು ಎಕ್ಸ್04 ಎಂಬ ಮಾದರಿಯ ಮೋಟಾರು ಇರಬೇಕು. ಅದರಲ್ಲಿ ಎರಡೂ ಬ್ರಷ್‌ಗಳನ್ನು ಒತ್ತುವುದು ಒಂದೇ ಸ್ಪ್ರಿಂಗಿನ ಎರಡು ಕಾಲುಗಳು. ಒಂದು ಕಾಲಿಗೆ ಪುಟ್ಟ ನಿರೋಧಕ ಕೊಳವೆ ತೊಡಿಸಿರುತ್ತದೆ. ಬಿಚ್ಚುವಾಗ ಅದು ಕಳಚಿ ಬಿದ್ದಿದ್ದರೆ ಅಥವಾ ಕೊಳವೆಯ ಕಾಲು ತಪ್ಪು ಬದಿಗೆ ಕೂತಿದ್ದರೆ ಶಾರ್ಟ್ ಆಗುತ್ತದೆ. ತೆಳುವಾದ ತಂತಿಯ ಹೊದಿಕೆಯಿಂದ ಅದೇ ಉದ್ದದ ತುಂಡನ್ನು ಕತ್ತರಿಸಿ, ಹಳಿಯಿಂದ ನೇರವಾಗಿ ತಂತಿ ಬರುವ ಬ್ರಷ್ಷಿನ ಕಡೆಯ ಕಾಲಿಗೆ ತೊಡಿಸಿದರೆ ಸರಿಹೋಗುತ್ತದೆ.

ಪ್ರಶ್ನೆ: ಕರಾವಳಿಯ ಮಳೆಗಾಲದಲ್ಲಿ ಇಂತಹ ಇಂಜಿನ್ನುಗಳನ್ನು ಕಾಪಾಡುವುದು ಹೇಗೆ? — ಮಂಗಳೂರಿನ ಓದುಗರೊಬ್ಬರು

ಉತ್ತರ: ಪ್ರತಿ ಇಂಜಿನನ್ನೂ ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ಪೊಟ್ಟಣಗಳನ್ನು ಆಗಾಗ ಒಣಗಿಸಿ. ಸ್ಪಂಜಿನ ಹಾಸು ಕಾಲಕ್ರಮೇಣ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಹುಳು ಬಾರದಿರಲೆಂದು ನ್ಯಾಫ್ತಲೀನ್ ಗುಳಿಗೆ ಹಾಕುವ ರೂಢಿಯಿದ್ದರೆ ಬಿಡಬೇಕು; ಅದರ ಆವಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಕವಚಗಳನ್ನು ಮೆತ್ತಗಾಗಿಸುತ್ತದೆ. 1950ರ ದಶಕದ ಆರಂಭದ ಟ್ರೈ-ಆಂಗ್ ಕವಚಗಳು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನವು, ಅವು ತಾವಾಗಿಯೇ ಸೊಟ್ಟಗಾಗುವುದರಿಂದ ಬಿಸಿಲು ತಾಗುವ ಕಪಾಟಿನಲ್ಲಿ ಇಡಲೇಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಹೊರತೆಗೆದು, ಮುಂದಕ್ಕೂ ಹಿಂದಕ್ಕೂ ಕೆಲವು ನಿಮಿಷ ನಿಧಾನವಾಗಿ ಓಡಿಸಿ. ಮಳೆಗಾಲದಲ್ಲಿ ಒಣ ಹವೆಯಿರುವ ದಿನವನ್ನೇ ಇದಕ್ಕೆ ಆರಿಸಿಕೊಳ್ಳಿ.